ಇಬ್ಬರು ಅವ್ವಂದಿರ ಪುಸ್ತಕ

ನಿನ್ನೆ ಸಂಜೆ ದಾವಣಗೆರೆಯ ನಮ್ಮ ಬೀದಿ ತುದಿಯ ಅಂಗಡಿಯಿಂದ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಡಾಕ್ಟರು ಬೇಡವೆಂದಿದ್ದಾರೆ, ಅವರೇನು ಮನೆಗೆ ಬಂದು ನೋಡುತ್ತಾರೆಯೇ? ಪೊಟ್ಟಣ ಬಿಚ್ಚಿದರೆ ಅದು ಮಕ್ಕಳ ಕತೆಪುಸ್ತಕದ ಹಾಳೆ. ಎಣ್ಣೆ ಕುಡಿದು ಚಿತ್ರವೆಲ್ಲ ಆಚೆಯಿಂದ ಈಚೆಗೆ ಕಾಣುತ್ತಿತ್ತು. ಮಿರ್ಚಿ ತಣ್ಣಗಾಯಿತು ನೋಡಿ, ನಾನು ಹರಿಹರದ ಶಾಲೆಗೆ ಹೋಗಿಬಿಟ್ಟಿದ್ದೆ.

ಆಗ ನಾನು ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಓಡಾಡುತ್ತಿದ್ದ ಸರ್ಕಾರಿ ಶಾಲೆಯ ಟೀಚರು. ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನನಗಿಂತ ಹಿರಿಯರಾದ ಗಿರಿಜಕ್ಕ ನಾಲ್ಕನೇ ತರಗತಿಗೆ ಕಲಿಸುತ್ತಿದ್ದರು. ದಾನವಾಗಿ ಬಂದ ಪುಸ್ತಕಗಳನ್ನು ಬೇರೆಯವರು ಬೀರುವಿನಲ್ಲಿಟ್ಟು ಬೀಗ ಜಡಿದರೆ, ಇವರು ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಬಟ್ಟೆ ಒಣಹಾಕಿದಂತೆ ತೂಗುಹಾಕಿದ್ದರು. “ಹರಿದ್ರೆ ಹರೀಲಿ ಬಿಡೆ. ಪುಸ್ತಕ ಇರೋದು ಓದೋಕಲ್ದೆ ಇನ್ಯಾತಕ್ಕೆ?” ಎನ್ನುವರು.

ಅದರಲ್ಲೊಂದು ತೆಳ್ಳನೆಯ ಚಿತ್ರಪುಸ್ತಕ. ಒಬ್ಬ ಹುಡುಗಿ, ಅವಳಿಗೆ ಇಬ್ಬರು ಅವ್ವಂದಿರು. ಒಬ್ಬಾಕೆ ಜಡೆ ಹಾಕುತ್ತಾಳೆ, ಇನ್ನೊಬ್ಬಾಕೆ ರೊಟ್ಟಿ ಕಟ್ಟಿಕೊಡುತ್ತಾಳೆ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಮನೆ ಹೂಡಿದವರೆಂದು ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಬಹಳ ದಿನ ಯಾರೂ ತಕರಾರು ತೆಗೆಯಲಿಲ್ಲ. ಯಾಕೆ ಗೊತ್ತೇ? ಜನ ಅದನ್ನು ಒಬ್ಬ ಗಂಡನ ಇಬ್ಬರು ಹೆಂಡಿರ ಕತೆಯೆಂದು ತಿಳಿದಿದ್ದರು! ಶಾಲಾ ಸಮಿತಿಯ ಅಧ್ಯಕ್ಷ ತಿಪ್ಪೇಶಣ್ಣನಂತೂ, “ನಮ್ಮ ಅಜ್ಜಗೂ ಇಬ್ರು ಹೆಂಡ್ರು ಇದ್ರು ಬಿಡ್ರಿ. ಆದ್ರೆ ಇದ್ರಾಗೆ ಜಗಳನೇ ಇಲ್ಲ, ಅದೊಂದೇ ಸುಳ್ಳು” ಎಂದು ನಕ್ಕಿದ್ದರು. ಒಂದು ದಿನ ಅವರ ಮಗಳೇ, “ಅಪ್ಪಾ, ಇದ್ರಾಗೆ ಗಂಡ ಇಲ್ವೇ ಇಲ್ಲ” ಅಂದಳಂತೆ. ಮುಗಿಯಿತು, ಸಭೆ ಕರೆದರು.

ಆ ಪುಸ್ತಕವನ್ನು ದಾರದಿಂದ ಇಳಿಸಿ ಇಳಿಸಿ ಓದುತ್ತಿದ್ದವಳು ರೇಣುಕಾ. ದೇವಸ್ಥಾನದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ಸರೋಜಮ್ಮ, ಗಂಗಮ್ಮರ ಸಾಕುಮಗಳು. ಊರು ಅವರನ್ನು ಅಕ್ಕ-ತಂಗಿ ಎನ್ನುತ್ತಿತ್ತು. ಅವರೂ ಹೂಂ ಎನ್ನುತ್ತಿದ್ದರು. ಬಾಡಿಗೆ ಮನೆ ಉಳಿಯಬೇಕಲ್ಲ! ಹೊರಗಡೆ ಸರೋಜಮ್ಮ ಅವ್ವ, ಗಂಗಮ್ಮ ಚಿಗವ್ವ ಎಂದು ಮಗಳಿಗೂ ಕಲಿಸಿದ್ದರು. ಒಮ್ಮೆ ಮಾತ್ರ ಆ ಹುಡುಗಿ ಗಿರಿಜಕ್ಕನ ಕಿವಿಯಲ್ಲಿ, “ಟೀಚರ್, ಇದನ್ನ ಬರ್ದೋರಿಗೆ ನಮ್ಮನಿ ಹೆಂಗ್ ಗೊತ್ತಾತ್ರಿ?” ಎಂದು ಕೇಳಿದ್ದಳು. ನನಗೆ ಅದನ್ನು ಹೇಳುವಾಗ ಗಿರಿಜಕ್ಕನ ಕಣ್ಣು ತುಂಬಿತ್ತು.

ಸಭೆಗೆ ಸರೋಜಮ್ಮ, ಗಂಗಮ್ಮ ಇಬ್ಬರೂ ಬಂದು ಬೇರೆ ಬೇರೆ ಬೆಂಚಿನಲ್ಲಿ ಕೂತರು. ಕಿಟಕಿಯ ಸರಳಿಗೆ ಮಕ್ಕಳು ಜೋತುಬಿದ್ದಿದ್ದವು, ರೇಣುಕಾಳೂ ಇದ್ದಳು.

“ಸರ್ಕಾರಿ ಶಾಲೆ ಐತೆ ಇದು. ಮಕ್ಳಿಗೆ ಇಂಥದ್ದೆಲ್ಲ ಯಾಕ್ರಿ?” ತಿಪ್ಪೇಶಣ್ಣ ಗುಡುಗಿದರು.

ಹೆಡ್‌ಮಾಸ್ತರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಗಿರಿಜಾ ಟೀಚರ್, ಅವ್ರಿಬ್ರೂ ಅಕ್ಕ-ತಂಗಿ ಅಂತ ಮಕ್ಳಿಗೆ ಹೇಳಿಬಿಡ್ರಿ. ಪುಸ್ತಕನೂ ಉಳೀತೈತೆ, ಮಾನನೂ ಉಳೀತೈತೆ” ಎಂದರು. ಎಲ್ಲರಿಗೂ ಹಿಡಿಸಿತು. ಎಂಥ ಜಾಣತನವೆಂದು ನಾನೂ ತಲೆಯಾಡಿಸಿದೆ. ನನ್ನ ತಲೆ ಯಾವಾಗಲೂ ಹಾಗೆ, ಗಾಳಿ ಬಂದ ಕಡೆ ಆಡುತ್ತಿತ್ತು.

ಗಿರಿಜಕ್ಕ ಎದ್ದರು. ಕಿಟಕಿಯ ಕಡೆ ನೋಡಲಿಲ್ಲ, ಯಾರ ಮನೆಯ ಹೆಸರನ್ನೂ ಎತ್ತಲಿಲ್ಲ. “ಅಕ್ಕ-ತಂಗಿ ಅಲ್ರಿ ಅವರು. ಪ್ರೀತಿ ಮಾಡಿ ಒಟ್ಟಿಗೆ ಬಾಳ್ವೆ ಮಾಡೋರು. ಪುಸ್ತಕದಾಗೆ ಹಂಗೇ ಐತೆ, ನಾನೂ ಹಂಗೇ ಓದ್ತೀನಿ. ಸರ್ಕಾರಿ ಶಾಲೆ ಅಂದ್ರಲ್ಲ, ಅದಕ್ಕೇ ಹೇಳ್ತಿರೋದು. ಇಲ್ಲಿಗೆ ಎಲ್ಲಾ ಥರದ ಮನೆ ಮಕ್ಳೂ ಬರ್ತಾವೆ. ಯಾವ ಮಗೀಗೂ ನಿನ್ನ ಮನಿ ಸುಳ್ಳು ಅಂತ ನಾನು ಹೇಳಾಕಿಲ್ಲ.”

“ನನ್ನ ಮಗಳು ಓದೋದು ಬ್ಯಾಡ.”

“ಆಗ್ಲಿ ತಿಪ್ಪೇಶಣ್ಣ, ನಿಮ್ಮ ಮಗಳಿಗೆ ಕೊಡಲ್ಲ. ಬ್ಯಾರೆಯವರ ಮಗಳ ಕೈಯಿಂದ ಕಸ್ಕಬ್ಯಾಡ್ರಿ.”

ತಿಪ್ಪೇಶಣ್ಣ ಮುಖ ಗಂಟುಹಾಕಿಕೊಂಡು ಎದ್ದುಹೋದರು. ಗಿರಿಜಕ್ಕನ ಮೇಲೆ ದೂರೂ ಹೋಯಿತು, ಅವರಿಗೆ ಕಚೇರಿ ಓಡಾಟವೂ ಆಯಿತು. ಪುಸ್ತಕ ಮಾತ್ರ ದಾರದ ಮೇಲೆಯೇ ಉಳಿಯಿತು.

ಸಭೆ ಮುಗಿದ ಮೇಲೆ ಪೋಷಕರ ಸಹಿ ಹಾಕಿಸಿಕೊಳ್ಳುತ್ತ ಕೂತಿದ್ದೆ. ರೇಣುಕಾ ಎರಡು ಬೆಂಚಿನಿಂದ ಇಬ್ಬರನ್ನೂ ನನ್ನ ಮುಂದೆ ಎಳೆದುಕೊಂಡು ಬಂದಳು. “ಟೀಚರ್, ನಮ್ಮ ಇಬ್ರೂ ಅವ್ವಾರು ಬಂದಾರೆ ನೋಡ್ರಿ.” ಗಂಗಮ್ಮ ಬೆಚ್ಚಿ ಆಚೀಚೆ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ!

ಗಿರಿಜಕ್ಕ ತೀರಿಹೋಗಿ ವರ್ಷಗಳಾದವು. ನಾಳೆ ನನ್ನ ಮೊಮ್ಮಗಳ ಶಾಲೆಯಲ್ಲಿ ಸಭೆಯಿದೆ; ‘ಅಂಥ’ ಪುಸ್ತಕಗಳನ್ನೆಲ್ಲ ತೆಗೆಸಬೇಕಂತೆ. ನಾನು ಹೋಗುವವಳಲ್ಲ ಎಂದಿದ್ದೆ. ಇವತ್ತು ಬೆಳಿಗ್ಗೆ ಸೀರೆ ತೆಗೆದಿಟ್ಟಿದ್ದನ್ನು ಕಂಡು ಯಜಮಾನರು, “ಮಂಡಿನೋವು ಅಂತಿದ್ದೆಯಲ್ಲೇ?” ಎಂದರು.

“ಬಾಯಿಗೇನೂ ನೋವಿಲ್ಲವಲ್ಲ” ಎಂದೆ.

ಆ ಶಾಲೆಯ ಕಿಟಕಿಯಲ್ಲೂ ಯಾವುದೋ ಒಂದು ಮಗು, ದೊಡ್ಡವರು ತನ್ನ ಮನೆಯನ್ನು ಏನೆನ್ನುತ್ತಾರೋ ಎಂದು ಕೇಳಿಸಿಕೊಳ್ಳುತ್ತಾ ನಿಂತಿರುತ್ತದೆ.