ಅತ್ತೆಗೆ ಮನೆ ನೋಡಿದ್ದು

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿಬರುವ ವಿದ್ಯೆಯಲ್ಲಿ ನಮ್ಮ ತಾತನನ್ನು ಮೀರಿಸುವವರು ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾರೂ ಇರಲಿಲ್ಲ ಎಂಬುದು ನಮ್ಮ ವಂಶದ ನಂಬಿಕೆ. ಮಧ್ಯಾಹ್ನ ಬರುತ್ತೇವೆಂದು ಹೇಳಿ ಕಳಿಸಿ ಬೆಳಿಗ್ಗೆಯೇ ಹೋಗಿಬಿಡುತ್ತಿದ್ದರಂತೆ. ಮುಂಬಾಗಿಲು ಬಿಟ್ಟು ಹಿತ್ತಲಿನಿಂದ ಒಳಗೆ ಹೋಗುತ್ತಿದ್ದರಂತೆ. ಮುಂಬಾಗಿಲು ನೆಂಟರ ಎದುರು ಸುಳ್ಳು ಹೇಳುತ್ತದೆ, ಹಿತ್ತಲಿಗೆ ಅಷ್ಟು ಜಾಣತನ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ. ಕುಡಿಯಲು ನೀರು ಕೇಳಿ, ಕುಡಿದಾದ ಮೇಲೆ ಲೋಟದ ತಳ ನೋಡುವರು. ಹೊರಡುವಾಗ ಎರಡೂ ಕೈ ಮುಗಿದು, "ಊರಿಗೆ ಹೋಗಿ ಕಾಗದ ಬರೀತೀವಿ" ಎನ್ನುವರು. ಹಾಗೆಂದರೆ ಸಂಬಂಧ ಬೇಡ ಎಂದರ್ಥ. ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ತಲೆಯಾಡಿಸುತ್ತಿದ್ದರು.

ಈ ವಿದ್ಯೆಯ ಫಲವಾಗಿ ನಮ್ಮ ಅತ್ತೆಗೆ, ಎಂದರೆ ಅಪ್ಪನ ತಂಗಿಗೆ, ಮದುವೆಯಾಗಲಿಲ್ಲ. ಒಂದು ಮನೆಯಲ್ಲಿ ಗಂಡಿನ ತಾಯಿಯ ದನಿ ಜೋರು. ಇನ್ನೊಂದರಲ್ಲಿ ನೆಲ ಥಂಡಿ. ಕೊತ್ತಗೆರೆಯ ಒಂದು ಮನೆ ಎಲ್ಲ ರೀತಿಯಿಂದಲೂ ಸರಿಯಿತ್ತಂತೆ, ಬಾವಿ ಮಾತ್ರ ದೂರ. ತಾತ ಅಲ್ಲೂ ಕೈ ಮುಗಿದು ಬಂದರು. ಹೀಗೆ ಕೈ ಮುಗಿಯುತ್ತ ಮುಗಿಯುತ್ತ ಅತ್ತೆಯ ವಯಸ್ಸು ಮೀರಿತು, ತಾತನ ಕಾಲವೂ ಮುಗಿಯಿತು. ಅತ್ತೆ ನಮ್ಮ ಮನೆಯಲ್ಲೇ ಉಳಿದರು. ನನಗೆ ಅಕ್ಷರ ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಎಣ್ಣೆ ಹಚ್ಚಿ ತಲೆ ತಟ್ಟಿದ್ದು ಎಲ್ಲ ಅವರೇ. ಗೌರಿಹಬ್ಬಕ್ಕೆ ಗುಬ್ಬಿಯಲ್ಲಿದ್ದ ದೊಡ್ಡಪ್ಪನ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಾಗ ಅವರಿಗೆ ಬಿಸಿನೀರು ಕಾಯಿಸುವುದಕ್ಕೂ ಅತ್ತೆಯನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳವು. ಅಪ್ಪ ತೀರಿಹೋಗಿದ್ದರು. ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಮರಳೂರಿನ ಬಾಡಿಗೆ ಮನೆಯಲ್ಲಿ ಅಮ್ಮ, ಅತ್ತೆ, ನಾನು. ಅತ್ತೆಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕರೆಂಟು, ಎಂದರೆ ರೇಡಿಯೇಷನ್, ಕೊಟ್ಟು, ಕೊನೆಗೆ "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದರು. ಕೇಳಿದ್ದು ಕೊಡುವುದು ಸುಲಭವಾಗಿರಲಿಲ್ಲ, ಏಕೆಂದರೆ ಅತ್ತೆ ಹುಟ್ಟಿದಾಗಿನಿಂದ ಏನನ್ನೂ ಕೇಳಿದವರಲ್ಲ. ನೋವಿಗೆ ಹಲ್ಲು ಕಚ್ಚುತ್ತಿದ್ದರು. ವಾಸನೆಗೆ ನಾಚಿ, ತಮ್ಮ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡು, ಹೊತ್ತುಹೊತ್ತಿಗೂ ಊದುಬತ್ತಿ ಹಚ್ಚಿಸುತ್ತಿದ್ದರು. ನಮ್ಮದು ಭಾರಿ ದೈವಭಕ್ತರ ಮನೆಯೆಂದು ಅಕ್ಕಪಕ್ಕದವರಲ್ಲಿ ಹೆಸರಾಯಿತು. ಅಮ್ಮನಿಗೆ ಸೊಂಟನೋವು. ಅತ್ತೆಯನ್ನು ಎತ್ತಿ ಮಗ್ಗುಲು ಬದಲಿಸಲು ಇಬ್ಬರೂ ಸೇರಿ ಒದ್ದಾಡಿ, ಕೊನೆಗೆ ಇಬ್ಬರೂ ಸೇರಿಯೇ ಅಳುತ್ತಿದ್ದರು.

ಆಗ ಬೀದಿಯ ಕಾಂಪೌಂಡರು ಒಂದು ಸುದ್ದಿ ಹೇಳಿದರು. ಕುಣಿಗಲ್ ರಸ್ತೆಯಲ್ಲಿ ಹಳೆಯದೊಂದು ಹೆಂಚಿನ ಮನೆ, ಕೆಲವೇ ಮಂಚ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಿಯಾದ ನರ್ಸಮ್ಮ ಒಬ್ಬರು ನಡೆಸುತ್ತಾರೆ. ವಾಸಿಯಾಗುವವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎನ್ನಿಸಿಕೊಂಡವರಿಗೆ ಮಾತ್ರ ಜಾಗ. ಇಂಥದೊಂದು ಆಸ್ಪತ್ರೆ ಇರಬಹುದೆಂದು ನಮಗೆ ಯಾರಿಗೂ ಕಲ್ಪನೆ ಇರಲಿಲ್ಲ. ಅಮ್ಮ ಗುಬ್ಬಿಗೆ ಹೇಳಿ ಕಳಿಸಿದರು.

ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಆಗ್ಲಿ, ಮನೆ ನೋಡ್ಕೊಂಡು ಬರಣ" ಎಂದರು. "ಆದ್ರೆ ಆಷಾಢದಲ್ಲಿ ಹೆಣ್ಣು ಕಳಿಸೋದು ಎಲ್ಲಾದ್ರೂ ಉಂಟಾ? ಶ್ರಾವಣ ಬರ್ಲಿ."

"ಭಾವ, ಶ್ರಾವಣಕ್ಕೆ ಅವರು ಇರ್ತಾರೋ ಇಲ್ವೋ" ಎಂದರು ಅಮ್ಮ.

ದೊಡ್ಡಪ್ಪ ಆಷಾಢದ ಮಾತು ಬಿಟ್ಟರು. ಹೆಂಗಸೊಬ್ಬಳನ್ನು ಬೇರೆಯವರ ಕೈಗೆ ಒಪ್ಪಿಸುವುದಕ್ಕೆ ನಮ್ಮ ವಂಶಕ್ಕೆ ಗೊತ್ತಿದ್ದದ್ದು ಒಂದೇ ಪದ್ಧತಿ. ಹಾಗಾಗಿ ದೊಡ್ಡಪ್ಪ ಜರತಾರಿ ಅಂಚಿನ ಪಂಚೆ ಉಟ್ಟು, ಕೋಟು ತೊಟ್ಟು, ಟೋಪಿ ಇಟ್ಟು ಹೊರಟರು. ನಾನು ಅರ್ಧ ದಿನ ರಜೆ ಹಾಕಿದೆ. ಮಧ್ಯಾಹ್ನ ಬರುತ್ತೇವೆಂದು ಕಾಂಪೌಂಡರ ಕೈಲಿ ಹೇಳಿ ಕಳಿಸಿದ್ದೆವು. ಬೆಳಗಿನ ಬಸ್ಸಿಗೇ ಹೋದೆವು.

ಮನೆ ಸಿಕ್ಕಿದ ಕೂಡಲೇ ದೊಡ್ಡಪ್ಪ ಬೇಲಿ ಸುತ್ತಿಕೊಂಡು ಹಿತ್ತಲಿಗೆ ನಡೆದರು. ಅಲ್ಲಿ ಹಗ್ಗದ ಮೇಲೆ ಹಾಸಿಗೆ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ದೊಡ್ಡಪ್ಪ ಒಂದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು, ಬೆಳಕಿಗೆ ಹಿಡಿದರು, ಕೊನೆಗೆ ಮೂಸಿಯೂ ನೋಡಿದರು.

"ಬಟ್ಟೆ ಸವೆದಿದೆ. ಕಲೆ ಹೋಗಿಲ್ಲ. ಆದ್ರೆ ಚೆನ್ನಾಗಿ ಒಗೆದವ್ರೆ ಕಣೋ" ಎಂದು ನನಗೆ ಗುಟ್ಟಾಗಿ ತೀರ್ಪು ಹೇಳಿದರು.

"ಯಾರ್ರೀ ಅದು, ದುಪ್ಪಟಿ ಕದಿಯಕ್ಕೆ ಬಂದಿರೋರು?"

ಹಿತ್ತಲ ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ದಪ್ಪ ಕನ್ನಡಕ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಮೊಣಕೈವರೆಗೂ ಸೋಪಿನ ನೊರೆ. ದೊಡ್ಡಪ್ಪ ಟೋಪಿ ಸರಿಮಾಡಿಕೊಂಡು ನಾವು ಬಂದ ಕಾರಣ ಹೇಳಿದರು.

"ಮಧ್ಯಾಹ್ನ ಬರ್ತೀರಾ ಅಂದಿದ್ರು."

"ಬಸ್ಸು ಬೇಗ ಸಿಕ್ತು" ಎಂದರು ದೊಡ್ಡಪ್ಪ, ಅದೇ ಗಾಂಭೀರ್ಯದಲ್ಲಿ.

ಒಳಗೆ ಬೆಳಕಿತ್ತು. ಮಂಚಗಳ ಮೇಲೆ ಮಲಗಿದ್ದವರಲ್ಲಿ ಒಬ್ಬರು ನಮ್ಮನ್ನು ನೋಡಿ ನಕ್ಕರು, ಇನ್ನೊಬ್ಬರು ಗೋಡೆಯ ಕಡೆ ತಿರುಗಿದರು. ಮೂಲೆಯಲ್ಲಿ ಒಬ್ಬ ಮುದುಕ "ಅಮ್ಮಾ" ಎಂದು ಮೆಲ್ಲಗೆ ಕರೆದ. ನರ್ಸಮ್ಮ ನಮ್ಮ ಜತೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಅವನ ಬಳಿ ಹೋದರು. ದಿಂಬು ಸರಿಮಾಡಿ, ತುಟಿಗೆ ನೀರು ತಾಕಿಸಿ, ಅವನು ಸಾಕು ಎನ್ನುವವರೆಗೂ ಅಲ್ಲೇ ನಿಂತಿದ್ದು ಬಂದರು. ಕೋಟು ಟೋಪಿ ಧರಿಸಿದ ಗಣ್ಯರನ್ನು ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಒಂದು ಮಾತನ್ನೂ ಹೇಳಲಿಲ್ಲ. ನನ್ನ ಪಾಲಿನ ಪರೀಕ್ಷೆ ಅಲ್ಲಿಗೇ ಮುಗಿಯಿತು. ದೊಡ್ಡಪ್ಪನ ಪರೀಕ್ಷೆ ಆಗತಾನೆ ಶುರುವಾಗಿತ್ತು.

"ನೀರು ಸಿಹಿನೋ ಸಪ್ಪೆನೋ?"

"ಸ್ವಲ್ಪ ಗಡುಸು. ಬೇಳೆ ನಿಧಾನಕ್ಕೆ ಬೇಯುತ್ತೆ."

"ಡಾಕ್ಟರು?"

"ತುಮಕೂರಿಂದ ವಾರಕ್ಕೆರಡು ದಿನ ಬರ್ತಾರೆ. ಬರ್ದೇನೂ ಇರ್ತಾರೆ. ನೋವಿನ ಔಷಧಿ ನನ್ ಹತ್ರ ಇರುತ್ತೆ, ಒಂದೊಂದ್ ಸಲ ಖಾಲೀನೂ ಆಗುತ್ತೆ. ಆವಾಗ ನಾನೇ ಬಸ್ಸು ಹತ್ತಿ ಹೋಗಿ ತರ್ತೀನಿ."

"ಬಾಗಿಲು ದಕ್ಷಿಣಕ್ಕಿದೆ."

"ಇಂಥ ಮನೆಗೆ ಇನ್ಯಾವ ದಿಕ್ಕಿಗೆ ಇಡಣ ಹೇಳಿ ಸ್ವಾಮಿ."

ಗೋಡೆಯ ಕಡೆ ತಿರುಗಿದ್ದವರು ಇತ್ತ ತಿರುಗಿ ಕಿಸಕ್ಕನೆ ನಕ್ಕರು. ದೊಡ್ಡಪ್ಪ ನಗಲಿಲ್ಲ. ಆಮೇಲೆ ನರ್ಸಮ್ಮ ಕೇಳತೊಡಗಿದರು. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾವ ಸಾರು ಇಷ್ಟ, ನೋವಾದರೆ ಬಾಯಿಬಿಟ್ಟು ಹೇಳುತ್ತಾರಾ. ಇದರಿಂದ ದೊಡ್ಡಪ್ಪನಿಗೆ ಸಂತೋಷವೇ ಆಯಿತು. ಹೆಣ್ಣಿನ ವಿಷಯ ಏನೂ ವಿಚಾರಿಸದ ಮನೆಯವರನ್ನು ನಂಬಬಾರದು ಎಂಬುದೂ ತಾತನ ಶಾಸ್ತ್ರದಲ್ಲಿತ್ತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, "ನಮ್ಮ ಹುಡುಗಿ ಬಹಳ ಮೆತ್ತಗೆ. ಎದುರುಮಾತು ಗೊತ್ತಿಲ್ಲ. ಹಾಕಿದ್ದು ಉಣ್ತಾಳೆ" ಎಂದರು.

ಹುಡುಗಿಗೆ ಆಗ ಅರವತ್ತರ ಹತ್ತಿರ. ನಾನೂ ನರ್ಸಮ್ಮನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹುಣಸೆ ಕಡಿಮೆ ಹಾಕಿದ ತಿಳಿಸಾರು ಅತ್ತೆಗೆ ಇಷ್ಟ, ಎಡ ಮಗ್ಗುಲು ಎಂದು ನಾನು ಸೇರಿಸಿದೆ. ಹೊರಡುವಾಗ ದೊಡ್ಡಪ್ಪ ಗೇಟಿನ ಬಳಿ ನಿಂತು ಎರಡೂ ಕೈ ಜೋಡಿಸಿದರು.

"ಊರಿಗೆ ಹೋಗಿ ಕಾಗದ ಬರೀತೀವಿ."

ಬಸ್ಸಿನಲ್ಲಿ ನಾನು ಅವರ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತೆ.

ಮನೆಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಎದ್ದು ಕೂತಿದ್ದರು. ಅಮ್ಮನ ಕೈಲಿ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಟ್ಟಿದ್ದರು. ಎಷ್ಟೋ ದಿನಗಳಿಂದ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಹಿತ್ತಲು ಹೆಂಗಿದೆ ಅಣ್ಣ?"

"ಹಿತ್ತಲೇನೋ ಪರವಾಗಿಲ್ಲ" ಎಂದು ದೊಡ್ಡಪ್ಪ ಕೋಟು ಬಿಚ್ಚುತ್ತ ಶುರುಮಾಡಿದರು. "ನೀರು ಗಡುಸು. ಬಾಗಿಲು ದಕ್ಷಿಣಕ್ಕೆ. ಆ ಯಮ್ಮನ ಬಾಯಿ ಸ್ವಲ್ಪ ಜೋರು. ಡಾಕ್ಟರು ನೆಚ್ಚಿಕೆ ಇಲ್ಲ. ಇನ್ನೊಂದೆರಡು ಕಡೆ ವಿಚಾರಿಸಿ ನೋಡಣ ಅಂತ."

ಅತ್ತೆ ಸೆರಗಿನ ಅಂಚು ಮಡಿಸುತ್ತ ಕೇಳಿದರು.

"ಕೊತ್ತಗೆರೆ ಮನೆಗೆ ಬಾವಿ ದೂರ ಅಂದ್ರು ಅಪ್ಪ. ನೀನೂ ಹೋಗಿದ್ದೆ ಜತೇಲಿ. ನೀರು ಹೊರಲ್ಲ ಅಂತ ನಾನೇನಾದ್ರೂ ಅಂದಿದ್ನಾ ಅಣ್ಣ?"

ದೊಡ್ಡಪ್ಪನ ಕೈ ಕೋಟಿನ ತೋಳಿನಲ್ಲೇ ನಿಂತಿತು. ಆ ಮನೆಯ ಮಾತು ಅತ್ತೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ನಮಗೆಲ್ಲ ಅದೊಂದು ತಾತನ ಜಾಣತನದ ಕಥೆಯಾಗಿತ್ತು. ಕಥೆಯ ಇನ್ನೊಂದು ತುದಿಯಲ್ಲಿ ಒಬ್ಬಳು ಹುಡುಗಿ ತಲೆ ಬಾಚಿಕೊಂಡು ಹೀಗೇ ಕೂತಿದ್ದಳೆಂದು ಯಾರೂ ಯೋಚಿಸಿರಲಿಲ್ಲ.

"ನನ್ನ ನೋಡಕ್ಕೆ ಬಂದಾಗ ಅವರು ಉಪ್ಪಿಟ್ಟು ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರು" ಎಂದರು ಅತ್ತೆ, ಯಾರಿಗೋ ಹೇಳುವಂತೆ. ಆಮೇಲೆ ಅಣ್ಣನ ಕಡೆ ನೋಡಿ, "ಈ ಮನೇನೂ ಬೇಡ ಅನ್ಬೇಡ ಕಣಣ್ಣ. ಅತ್ತಿಗೆ ಕೈಲಿ ಆಗ್ತಿಲ್ಲ. ನನ್ ಕೈಲೂ ಆಗ್ತಿಲ್ಲ. ಒಪ್ಕೊಂಡುಬುಡು" ಎಂದರು.

ದೊಡ್ಡಪ್ಪ ಕೋಟನ್ನು ಮತ್ತೆ ತೊಟ್ಟುಕೊಂಡರು. "ಶುಕ್ರವಾರ ಹೆಣ್ಣು ಕಳಿಸಬಾರ್ದು. ಗುರುವಾರ ಆಗಬಹುದು" ಎಂದು ಅಮ್ಮನಿಗೆ ಹೇಳಿ, ಕಾಗದ ಗೀಗದ ಏನೂ ಬರೆಯದೆ, ಅದೇ ಸಂಜೆಯ ಬಸ್ಸಿಗೆ ಒಬ್ಬರೇ ಹೋಗಿ ಒಪ್ಪಿಗೆ ತಿಳಿಸಿ ಬಂದರು.

ಗುರುವಾರ ಬೆಳಿಗ್ಗೆ ಅಮ್ಮ ಅತ್ತೆಗೆ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ರವಿಕೆ ಕಣ. ಮದುವೆಯಿಲ್ಲದ, ಸಾಯಲು ಹೊರಟ ಹೆಂಗಸಿಗೆ ಇದನ್ನೆಲ್ಲ ಮಾಡಬಹುದೇ ಎಂದು ಶಾಸ್ತ್ರಿಗಳನ್ನು ಯಾರೂ ಕೇಳಲಿಲ್ಲ. ಶಾಸ್ತ್ರದ ವಿಷಯದಲ್ಲಿ ನಮ್ಮ ಮನೆಯ ಸುಪ್ರೀಂ ಕೋರ್ಟಾಗಿದ್ದ ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಡ್ಡಿ ಮಾಡುತ್ತಾರೇನೋ ಎಂದು ಅಮ್ಮ ಅಳುಕಿದರು.

"ಎಲೆ ಅಡಿಕೆ ಮರೆತಿದೀಯಲ್ಲಮ್ಮ" ಎಂದರು ಅಷ್ಟೆ.

ಆ ಮನೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ. ಡಾಕ್ಟರು ಬರುವ ದಿನ ಬರಲಿಲ್ಲ, ಬಾರದ ದಿನ ಬಂದರು. ಸಾರು ನೀರಾಗಿತ್ತು. ನರ್ಸಮ್ಮ ಸಂಜೆಯ ಹೊತ್ತಿಗೆ ಸುಸ್ತಾಗಿ ಸಿಡುಕುತ್ತಿದ್ದರು. ಆದರೆ ಅತ್ತೆ ಹಲ್ಲು ಕಚ್ಚುವುದನ್ನು ಬಿಟ್ಟರು. ಅವರ ಹಾಸಿಗೆಯ ಬಳಿ ಊದುಬತ್ತಿ ಬೇಕಾಗಲಿಲ್ಲ. ನೋವಾದಾಗ "ನೋವು" ಎಂದು ಹೇಳುವುದನ್ನು ಕಲಿತರು, ಅದೂ ನಾವಿರುವಾಗಲೇ, ಸ್ವಲ್ಪ ಗತ್ತಿನಿಂದ. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಹೋದಾಗ ಅವರು ದೂರು ಹೇಳತೊಡಗಿದರು. "ಆ ಯಮ್ಮಂಗೆ ಒಗ್ಗರಣೆ ಹಾಕಕ್ಕೇ ಬರಲ್ಲ. ನಾನೇ ಹೇಳ್ಕೊಡ್ತಾ ಇದೀನಿ" ಎಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟುವರು. ಹೊಸದಾಗಿ ಮದುವೆಯಾದ ಹುಡುಗಿಯರು ಹಾಗೆ ಪಿಸುಗುಟ್ಟುವುದನ್ನು ನಾನು ಕೇಳಿದ್ದೆ. ನಾವು ಹೊರಟರೆ, "ನಮ್ಮನೇಲಿ ಊಟ ಮಾಡ್ದೆ ಹೋಗ್ತೀರಾ?" ಎನ್ನುವರು. ನಮ್ಮನೆ ಎಂಬ ಆ ಮಾತಿಗೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಬೆಳೆಸಿದವರು ನನ್ನನ್ನು ನೆಂಟನಂತೆ ನೋಡುತ್ತಿದ್ದರು. ಈಗ ಆ ಹೆಂಚಿನ ಮನೆಯೂ ಇಲ್ಲ, ನರ್ಸಮ್ಮನೂ ಇಲ್ಲ. ಆದರೂ ಆ ನೀರು ಸಾರಿಗೆ ಇನ್ನೊಂದು ಸಲ ಎಲೆ ಮುಂದೆ ಕೂರುವ ಆಸೆ ನನಗೆ ಹೋಗಿಲ್ಲ.

ಅತ್ತೆ ಶ್ರಾವಣ ದಾಟಿದರು, ಭಾದ್ರಪದವನ್ನೂ ಕಂಡರು. ದಸರೆಗೆ ಮುಂಚೆ ಹೋದರು. ಅದಕ್ಕೂ ಮೊದಲು, ಗೌರಿಹಬ್ಬದ ಹಿಂದಿನ ದಿನ ದೊಡ್ಡಪ್ಪ ಒಂದು ಅಂಬಾಸಿಡರ್ ಟ್ಯಾಕ್ಸಿ ಮಾಡಿಕೊಂಡು ಗುಬ್ಬಿಯಿಂದ ಬಂದರು. ಮರಳೂರಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಈ ಸಲ ಮುಂಬಾಗಿಲಿನಿಂದಲೇ ಒಳಗೆ ಹೋದರು. ಅತ್ತೆ ಬಹಳ ಸೊರಗಿದ್ದರು, ದಿಂಬಿಗೆ ಒರಗಿದ್ದರು.

"ಹಬ್ಬಕ್ಕೆ ಕರೆಯಕ್ಕೆ ಬಂದಿದೀನಿ ಕಣೇ ಅಮ್ಮಣ್ಣಿ. ಕಾರು ತಂದಿದೀನಿ. ಒಂದಿನ ಇದ್ದು ಬರೋವಂತೆ."

"ಏನಂದೆ ಅಣ್ಣ?"

ದೊಡ್ಡಪ್ಪ ಇನ್ನೊಂದು ಸಲ ಹೇಳಿದರು, ಜೋರಾಗಿ. ಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅತ್ತೆ ಪಕ್ಕದ ಮಂಚದವರ ಕಡೆ ತಿರುಗಿ, "ನಮ್ಮಣ್ಣ. ತವರಿಂದ ಕರೆಯಕ್ಕೆ ಬಂದವ್ರೆ" ಎಂದರು. ಆಮೇಲೆ ಅಣ್ಣನ ಕಡೆ ಹೊರಳಿದರು.

"ಈ ಸಲ ಆಗಲ್ಲ ಕಣಣ್ಣ. ಮುಂದಿನ ಸಲ ನೋಡಣ."

"ಮುಂದಿನ ಸಲ ತಪ್ಪಿಸಬಾರ್ದು."

"ಇಲ್ಲ, ಬರ್ತೀನಿ."

ದೊಡ್ಡಪ್ಪ ತಂದಿದ್ದ ಸೀರೆಯನ್ನು ಅವರ ಕಾಲ ಬಳಿ ಇಟ್ಟು ಹೊರಗೆ ಬಂದರು. ಟ್ಯಾಕ್ಸಿಯವನು ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ದಿಂಬು ಜೋಡಿಸಿ ನಿಂತಿದ್ದ.

"ಪೇಶೆಂಟು ಬರಲ್ವಾ ಸ್ವಾಮಿ?"

"ಇಲ್ಲ ಕಣಪ್ಪ" ಎಂದರು ದೊಡ್ಡಪ್ಪ. "ಅವಳಿಗೆ ಮನೆ ಬಿಟ್ಟು ಬರಕ್ಕಾಗಲ್ವಂತೆ."