ನಯವಾದ ಇಂಗ್ಲಿಷ್ ಕಾಗದ

ಲಗ್ಗೆರೆಯ ನಮ್ಮ ಬೀದಿಯ ಹೆಂಗಸರಲ್ಲೊಂದು ರೂಢಿಯಿದೆ. ತಾವು ಕೆಲಸ ಮಾಡುವ ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಇಂಗ್ಲಿಷ್ ಕಾಗದ ಕೊಟ್ಟರೆ, ಸಹಿ ಮಾಡುವ ಮುಂಚೆ ನನಗೆ ತೋರಿಸಬೇಕು. ಕಾನ್ವೆಂಟಿನಲ್ಲಿ ಓದಿದವಳು ಎಂಬುದೊಂದೇ ನನ್ನ ಅರ್ಹತೆ. ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಎಷ್ಟು ಚೆಂದವಿತ್ತು! ಪ್ಲೀಸ್ ಅಂದರೆ ಪ್ಲೀಸ್, ಸಾರಿ ಅಂದರೆ ಸಾರಿ. ಅದನ್ನು ನಂಬಿಯೇ ಒಮ್ಮೆ ಕೆಟ್ಟೆ. ಎದುರುಮನೆಯ ಹುಡುಗಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬಂದ ಪತ್ರದಲ್ಲಿ "ವಿ ವಿಲ್ ಕೀಪ್ ಯು ಇನ್ ಮೈಂಡ್" ಎಂದಿತ್ತು. ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಕೆಲಸ ಸಿಕ್ಕ ಹಾಗೇ ಎಂದುಬಿಟ್ಟೆ. ಪಾಪ, ಬೇರೆಲ್ಲೂ ಹುಡುಕದೆ ತಿಂಗಳುಗಟ್ಟಲೆ ಕಾದಳು. ಯಾರೂ ಕರೆಯಲಿಲ್ಲ. ಅಂದಿನಿಂದ ಇಂಗ್ಲಿಷ್ ಎಷ್ಟು ನಯವಾಗಿರುತ್ತದೋ ಅಷ್ಟು ನನಗೆ ಅನುಮಾನ.

ಕಳೆದ ತಿಂಗಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸು ಒಂದು ಕಾಗದ ತಂದಳು. ಹದಿನಾಲ್ಕು ವರ್ಷದಿಂದ ಒಂದೇ ಫ್ಯಾಕ್ಟರಿಯಲ್ಲಿ, ಹೊಲಿದ ಬಟ್ಟೆಯ ತಪ್ಪು ಹುಡುಕುವ ಚೆಕಿಂಗ್ ಕೆಲಸ ಅವಳದು.

"ಅಮ್ಮಾ, ಇದೊಂಚೂರು ನೋಡಿ. ನನ್ನನ್ನ ಒಸ ಯೂನಿಟ್‌ಗೆ ಆಕ್ತಾರಂತೆ. ಬರೀ ಫಾರ್ಮಾಲಿಟಿ, ಸೈನ್ ಆಕ್ಕೊಂಡ್ ಬಾ ಅಂದ್ರು ಸೂಪರ್‌ವೈಸರ್ರು."

ಕನ್ನಡಕ ಹಾಕಿಕೊಂಡು ಓದಿದೆ. "ಆಫ್ಟರ್ ಮಚ್ ಥಾಟ್, ಐ ವಿಶ್ ಟು ಪಾರ್ಟ್ ವೇಸ್ ಆನ್ ಎ ಗುಡ್ ನೋಟ್." ಕೆಳಗೆ "ಆಫ್ ಮೈ ಓನ್ ಅಕಾರ್ಡ್" ಎಂದು ಬೇರೆ. ಇಂಥ ವಾಕ್ಯಗಳನ್ನು ನಮಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ. ಮೂರು ಸಲ ಓದಿದೆ. ಹೊಸ ಯೂನಿಟ್ಟಿನ ಸುದ್ದಿ ಎಲ್ಲೂ ಇಲ್ಲ.

"ಯಾರ ಬಲವಂತವೂ ಇಲ್ಲ, ಖುಷಿಯಾಗಿ ಕೆಲಸ ಬಿಟ್ಟು ಹೋಗ್ತೀನಿ ಅಂತ ನೀನೇ ಬರೆದ ಹಾಗಿದೆಯಲ್ಲೇ!"

"ನಂಗೆಲ್ ಬತ್ತದಮ್ಮಾ ಇಂಗ್ಲೀಸು? ಸಾರು ಅಂಗೆಲ್ಲಾ ಮಾಡಲ್ಲ. ಅಬ್ಬಕ್ಕೆ ಸ್ವೀಟ್ ಕೊಡ್ತಾರೆ."

"ಕಾಗದವೂ ಸ್ವೀಟಾಗೇ ಇದೆ. ಅದಕ್ಕೇ ಡೌಟು."

"ನಿಮಗೆ ಅರಿಶಿನ ಕುಂಕುಮ ಕೊಟ್ರೂ ಡೌಟೇ, ಬಿಡಿ!"

ನಕ್ಕೆ. ಆದರೆ ಕಾಗದವನ್ನು ಮತ್ತೊಮ್ಮೆ ಓದಿದೆ. ನಾನು ಓದಿದ್ದು ತಪ್ಪಾಗಿದ್ದರೆ ಅವಳ ವರ್ಗಾವಣೆಗೆ ನಾನೇ ಕಲ್ಲು ಹಾಕಿದಂತೆ. ಸರಿಯಾಗಿದ್ದರೆ ಒಂದು ಸಹಿಗೆ ಹದಿನಾಲ್ಕು ವರ್ಷ ಹೋಯಿತು.

"ಇದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆದು, ಅವರೇ ಸೈನ್ ಹಾಕಿ ಕೊಡಲಿ. ಆಮೇಲೆ ನಿನ್ನ ಸೈನು" ಎಂದೆ.

ಮರುದಿನ ಸಂಜೆ ಚಪ್ಪಲಿ ಬಿಚ್ಚುವ ಮೊದಲೇ ಹೇಳತೊಡಗಿದಳು.

"ಎಲ್ಲಾ ಬರ್ಕೊಂಡ್ ಕೂರಕ್ಕಾಯ್ತದಾ ಅಂದ್ರು. ನಾ ಬಿಡ್ಲಿಲ್ಲ. ಕಾಗ್ದನೇ ಕಿತ್ಕೊಂಡ್ಬಿಟ್ರು ಕಣಮ್ಮಾ! ಒಸ ಯೂನಿಟ್ ಯಾವಾಗ ಸಾರ್ ಅಂದ್ರೆ, ಯಾವ ಯೂನಿಟ್ಟು ಅಂತಾರೆ!"

ಕೆಲಸವೇನೋ ಉಳಿದಿದೆ. ಈಗ ಆ ಸೂಪರ್‌ವೈಸರು ದಿನಾ ಗೇಟಿನಲ್ಲಿ ನಿಂತು, ಅವಳೊಬ್ಬಳಿಗೆ ಮಾತ್ರ ನಗುನಗುತ್ತಾ "ಗುಡ್ ಮಾರ್ನಿಂಗ್" ಎನ್ನುತ್ತಾನಂತೆ. ಮೊದಲು ಯಾವತ್ತೂ ಅಂದವನಲ್ಲ. ಅದರ ಅರ್ಥವೇನು ಎಂದು ಮೊನ್ನೆ ಕೇಳಿದಳು. ನನಗಿನ್ನೂ ಗೊತ್ತಾಗಿಲ್ಲ.