ಹಳದಿ ರೈನ್‌ಕೋಟಿನೊಳಗೆ ಇದ್ದವನು

ಭಾವ, ಅವತ್ತು ನಿಮ್ಮ ಹಳದಿ ರೈನ್‌ಕೋಟ್ ತೊಟ್ಟು, ಮರಿ ಕಾಯುತ್ತಿದ್ದ ಕೊರವ ಮೀನನ್ನು ಹಿಡಿದವನು ನಾನು. ಅಪ್ಪ ಕೆರೆ ಏರಿಯ ಮೇಲಿಂದ ನೋಡಿ ನೀವೇ ಅಂದುಕೊಂಡ. ಅಂದುಕೊಳ್ಳಲಿ ಅಂತಲೇ ನಾನು ಸುಮ್ಮನಾದೆ. ಆಮೇಲೆ ಅವನು ನಿಮ್ಮನ್ನು ಕೆರೆಗೆ ಕರೆಯುವುದನ್ನೇ ಬಿಟ್ಟನಲ್ಲ, ಯಾಕೆ ಅಂತ ನೀವು ಇಷ್ಟು ವರ್ಷ ಕೊರಗಿದಿರಲ್ಲ — ಕಾರಣ ಇದೇ.

ಇದನ್ನು ಕಳೆದ ವಾರವೇ ಹೇಳಬೇಕಿತ್ತು. ಚಿತ್ರದುರ್ಗದ ಆ ಅಂಗಡಿಯಲ್ಲಿ ನೀವಾಗಿ ಕೇಳಿದಿರಿ. "ಮತ್ತೆ ಗಾಳ ಹಿಡಿಯಾಣ ಅನ್ನಿಸ್ತೈತೆ ರುದ್ರಾ, ಬಾ, ಒಂದು ರೈನ್‌ಕೋಟು, ಗಾಳಕ್ಕೆ ಕಟ್ಟಾಕೆ ನಾಕು ರಬ್ಬರ್ ಕಪ್ಪೆ ತರಾಣ" ಅಂತ ಕರೆದುಕೊಂಡು ಹೋದಿರಿ. ಯುಗಾದಿ ಕಳೆದು ಅಶ್ವಿನಿ ಮಳೆ ಹನಿಯುವ ಹೊತ್ತು, ಕೊರವ ಮೀನು ದಡಕ್ಕೆ ಬರುವ ಕಾಲ. ಅಂಗಡಿಯವನು ಬಣ್ಣಬಣ್ಣದ ಕೋಟು ಹರಡಿದರೆ ನೀವು ಮಾಸಲು ಹಸಿರಿನದನ್ನು ಎತ್ತಿಕೊಂಡು, ತೋಳು ಉಜ್ಜಿ, ಸದ್ದು ಮಾಡುತ್ತದಾ ಅಂತ ಕಿವಿಗೊಟ್ಟು ಕೇಳಿದಿರಿ. ಅದು ಅಪ್ಪ ಕಲಿಸಿದ್ದು. ಕೋಟನ್ನು ಕೈಯಲ್ಲೇ ಇಟ್ಟುಕೊಂಡು ಮೆಲ್ಲಗೆ ಅಂದಿರಿ, "ಮಾವನೋರು ನನ್ನ ಮ್ಯಾಲೆ ಯಾಕೆ ಮುನಿಸ್ಕಂಡ್ರು ಅಂತ ನಿಂಗೇನಾದ್ರೂ ಗೊತ್ತೈತೇನಪ್ಪ?"

"ಗೊತ್ತಿಲ್ಲ ಭಾವ" ಅಂದೆ. ನೋಡಿ, ಈ ವಯಸ್ಸಿಗೆ ಬಂದರೂ ಸುಳ್ಳು ಎಷ್ಟು ಸಲೀಸಾಗಿ ಬಂತು.

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮುದ್ದು ಮಾಡುವುದಿಲ್ಲ. ನೀವು ಅಕ್ಕನ ಕೈ ಹಿಡಿದು ಬಂದಾಗ ನನಗೆ ನಿಮ್ಮ ಮೇಲೆ ಏನೂ ಇರಲಿಲ್ಲ — ಹೊಳಲ್ಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಮಾತು ಕಮ್ಮಿ, ಅಕ್ಕ ನಗುನಗುತ್ತಾ ಇದ್ದಳು, ಇನ್ನೇನು ಬೇಕು? ಆದರೆ ಭಾನುವಾರ ರಾಮಗಿರಿ ಪಕ್ಕದ ನಮ್ಮೂರಿಗೆ ಬಂದವರು ಅಪ್ಪನ ಹಿಂದೆ ಕೆರೆಗೆ ಹೋಗತೊಡಗಿದಿರಲ್ಲ, ಅಲ್ಲಿಂದ ಶುರುವಾಯಿತು ನನ್ನ ಉರಿ. ಅಪ್ಪನಿಗೆ ಕುರಿ ಬಿಟ್ಟರೆ ಗಾಳ, ಗಾಳ ಬಿಟ್ಟರೆ ಕುರಿ. ನಾನು ಚಿಕ್ಕವನಿದ್ದಾಗ ಹಿಂದೆ ಬಿದ್ದರೆ, "ನಡಿಯಲೇ ಮನಿಗೆ, ನಿನ್ನ ಕಾಲಿನ ಸದ್ದಿಗೇ ಮೀನು ಓಡ್ತಾವೆ" ಅಂತ ಅಟ್ಟುತ್ತಿದ್ದ. ಆ ಮನುಷ್ಯ ನಿಮ್ಮನ್ನು ತನ್ನ ಬಂಡೆಯ ಮೇಲೆ, ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

ನೀವು ಮೊದಲ ಸಲ ರಬ್ಬರ್ ಕಪ್ಪೆ ತಂದಾಗ ಅಪ್ಪ ನಕ್ಕಿದ್ದ. "ಏನ್ರಿ ಅಳಿಯಂದ್ರೆ, ತೊಟ್ಟಿಲಿಗೆ ಕಟ್ಟಾಕೆ ತಂದ್ರಾ?" ಅಂದಿದ್ದ. ಅದಕ್ಕೆ ಮೀನು ಬಿದ್ದಿದ್ದೇ ತಡ, ನಿಮಗಿಂತ ಅವನಿಗೇ ಹುಚ್ಚು ಹಿಡಿಯಿತು. ಮೋಡದ ದಿನಕ್ಕೆ ಕರಿ ಕಪ್ಪೆ, ಬಿಸಿಲಿಗೆ ಹಸಿರು, ನೀರು ಕದಡಿದರೆ ಹೊಟ್ಟೆ ಬೆಳ್ಳಗಿರುವುದು — ಇಬ್ಬರೂ ಜಗಲಿ ಮೇಲೆ ಕೂತು ವಾದ ಮಾಡಿದ್ದೇ ಮಾಡಿದ್ದು. ನನ್ನ ಸ್ಕೂಲಿನ ಬಾಗಿಲು ಒಂದು ದಿನವೂ ತುಳಿಯದ ಅಪ್ಪ, ಕಪ್ಪೆ ಆರಿಸಲು ನಿಮ್ಮ ಜೊತೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದ. ಅವತ್ತೇ ನೀವು ಆ ಹಳದಿ ಕೋಟು ಕೊಂಡಿದ್ದು. ಈಜು ಬಾರದ ನೀವು ಏರಿಯಿಂದಲೂ ಕಣ್ಣಿಗೆ ಬೀಳಬೇಕು ಅಂತ ಅಕ್ಕ ಹಟ ಹಿಡಿದು ಹೇಳಿಕಳಿಸಿದ್ದಳು. ಅಪ್ಪನಿಗೆ ಹಿಡಿಸಲಿಲ್ಲ. ಕಂಬಳಿ ಕೊಪ್ಪೆ ಬಿಟ್ಟು ಇನ್ನೊಂದು ಹೊದ್ದವನಲ್ಲ ಅವನು. "ಕಂಬಳಿ ಆದ್ರೆ ಸದ್ದು ಮಾಡಲ್ಲ. ಇದನ್ನ ಹಾಕ್ಕಂಡು ನಿಂತ್ರೆ ಮೀನು ಬೀಗರು ಬಂದ್ರು ಅಂತ ಓಡ್ತಾವೆ ನೋಡ್ರಿ" ಅಂತ ರೇಗಿಸಿದ. ಮನೆ ಮಂದಿಯೆಲ್ಲ ನಕ್ಕರು. ನಾನು ನಗಲಿಲ್ಲ. ಒಳಗೊಳಗೇ ಬೇಯುತ್ತಿದ್ದೆ.

ಆ ಭಾನುವಾರ ನೆನಪಿದೆಯಾ ನಿಮಗೆ? ಮಧ್ಯಾಹ್ನ ನಿಮ್ಮ ಅಂಗಡಿಯಿಂದ ಫೋನ್ ಬಂತು, ಯಾರದೋ ಟ್ರ್ಯಾಕ್ಟರ್ ಕೆಟ್ಟು ನಿಂತಿದೆ ಅಂತ. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ, ನೀವು ಹೋಗಿದ್ದು ಅವನಿಗೆ ಗೊತ್ತಿಲ್ಲ. ಹೊರಡುವಾಗ ನಾನು ಗೋಣಿಚೀಲ ತಲೆಗೆ ಹಾಕಿಕೊಂಡು ನಿಂತಿದ್ದು ನೋಡಿ ನಿಮ್ಮ ಕೋಟು ಬಿಚ್ಚಿ ಕೊಟ್ಟಿರಿ. "ನಾನು ಬಸ್ಸಿಗೆ ಹೋಗ್ತೀನಿ, ನೀನು ನೆನೀಬ್ಯಾಡ. ಗಾಳ, ಕಪ್ಪೆ ಎಲ್ಲ ಅಲ್ಲೇ ಐತೆ, ತಗ." ಅಷ್ಟು ಒಳ್ಳೆಯತನವೂ ನನಗೆ ಅವತ್ತು ಭಿಕ್ಷೆ ಹಾಕಿದ ಹಾಗೆ ಕಂಡಿತು.

ಕೆರೆಯಲ್ಲಿ ಜೊಂಡಿನ ಪಕ್ಕ ನೀರಿನ ಮೇಲೆ, ಏರಿಗೂ ಕಾಣುವಷ್ಟು ಕೆಂಪಗೆ, ಮರಿಗಳ ಗುಂಪು ಕುದಿಯುತ್ತಿತ್ತು. ಅದರ ಕೆಳಗೆ ತಾಯಿ ಮೀನು. ಅಪ್ಪನಿಗೆ ಇದ್ದ ಕಟ್ಟು ಒಂದೇ — ಮರಿ ಕಾಯುವ ಮೀನಿಗೆ ಗಾಳ ಹಾಕಕೂಡದು. "ಅದು ಹಸಿವಿಗೆ ಬಾಯಿ ಹಾಕಲ್ಲ, ಮರಿ ಮ್ಯಾಲಿನ ಮೋಹಕ್ಕೆ ಹಾಕ್ತೈತೆ. ಅದನ್ನ ಹಿಡಿಯೋನು ಮನುಷ್ಯನೇ ಅಲ್ಲ" ಅನ್ನುತ್ತಿದ್ದ. ನನಗೆ ಗೊತ್ತಿತ್ತು ಭಾವ, ಗೊತ್ತಿಲ್ಲದೆ ಮಾಡಿದ್ದಲ್ಲ. ಒಂದೇ ಒಂದು ಸಲ ನಿಮಗಿಂತ ದೊಡ್ಡ ಮೀನು ತಂದು ಅಪ್ಪನ ಮುಂದೆ ಹಾಕಬೇಕು — ತಲೆಯಲ್ಲಿ ಇದ್ದದ್ದು ಅದೊಂದೇ. ಕರಿ ಕಪ್ಪೆಯನ್ನು ಮರಿಗಳ ನಡುವೆಯೇ ಎಸೆದೆ. ಮತ್ತೆ ಎಸೆದೆ. ಮೀನು ರೊಚ್ಚಿಗೆದ್ದು ಬಂದು ಕಚ್ಚಿತು.

ಎತ್ತಿ ಹಿಡಿದು ತಲೆ ಎತ್ತಿದರೆ ಏರಿಯ ಮೇಲೆ ಕಂಬಳಿ ಕೊಪ್ಪೆ. ಅಪ್ಪ. ಮಳೆಯಲ್ಲಿ ಅವನಿಗೆ ಮುಖ ಕಾಣುವಷ್ಟು ಹತ್ತಿರವಿರಲಿಲ್ಲ, ಕೋಟು ಕಾಣುವಷ್ಟು ಹತ್ತಿರವಿತ್ತು. ಕೋಟಿನ ಟೋಪಿ ಹಿಂದಕ್ಕೆ ಸರಿಸಿದ್ದರೆ ಸಾಕಿತ್ತು, ನನ್ನ ಗುಂಗುರು ಕೂದಲು ನೋಡಿಯೇ ಗುರುತು ಹಿಡಿಯುತ್ತಿದ್ದ. ನಾನು ಅದನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಮೊದಲು ಭಯಕ್ಕೆ — ಆಮೇಲೆ, ಅವನು ಒಂದು ಮಾತೂ ಕೂಗದೆ ಬೆನ್ನು ತಿರುಗಿಸಿ ಹೋದಾಗ, ಖುಷಿಗೆ. ಹೌದು, ಖುಷಿಯಾಯಿತು. ಮೀನನ್ನು ರಸ್ತೆಯಲ್ಲಿ ಹೋಗುತ್ತಿದ್ದ ಯಾರಿಗೋ ಕೊಟ್ಟುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ, ನೀವು ಸಂಜೆ ಬಸ್ಸಿಗೆ ಹೋದಿರಿ ಅಂದುಕೊಂಡಿದ್ದ ಅಪ್ಪ ತುತ್ತು ಬಿಟ್ಟು ಅಂದ, "ಅಳಿಯಂದ್ರು ಹಂಗೆ ಮಾಡಬಾರದಾಗಿತ್ತು ಕಣೋ." ನಾನು ಹುಟ್ಟಿದ ಮೇಲೆ ಅವನು ನನ್ನ ಹತ್ತಿರ ಮನಸ್ಸು ಬಿಚ್ಚಿದ್ದು ಅದೇ ಮೊದಲು. ಅದನ್ನು ಹೇಗೆ ಕಳೆದುಕೊಳ್ಳಲಿ? "ಹೋಗ್ಲಿ ಬಿಡಪ್ಪ" ಅಂದೆ, ದೊಡ್ಡ ಮನುಷ್ಯನ ಹಾಗೆ. ಅಳಿಯನ ತಪ್ಪನ್ನು ಎದುರೆದುರೇ ಎತ್ತಿ ಆಡುವುದು ನಮ್ಮ ಮನೆಯ ಮರ್ಯಾದೆಯಲ್ಲ, ಅವನು ನಿಮ್ಮನ್ನು ಕೇಳುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ವಾರ ನೀವು ಬಂದಾಗ ಇಷ್ಟೇ ಅಂದ, "ಕೆರೆಗೆ ಬರೋದು ಬ್ಯಾಡ್ರಿ ಅಳಿಯಂದ್ರೆ. ಮನ್ಯಾಗೆ ಆರಾಮಾಗಿ ಕುಂತ್ಕಳ್ರಿ." ಉಪಚಾರದ ಮಾತು. ನಿಮ್ಮ ಮುಖ ಬಾಡಿದ್ದು ಕಂಡೆ. ನಿಮಗೆ ತಂದೆ ಇಲ್ಲ, ಚಿಕ್ಕಂದಿನಲ್ಲೇ ಹೋದವರು. ನಮ್ಮಪ್ಪನಲ್ಲಿ ನೀವು ಏನು ಕಂಡುಕೊಂಡಿದ್ದಿರಿ ಅಂತ ತಿಳಿಯದಷ್ಟು ದಡ್ಡನಲ್ಲ ನಾನು. ತಿಳಿದೇ ಸುಮ್ಮನಿದ್ದೆ.

ನಿಮ್ಮ ಜಾಗದಲ್ಲಿ ನಾನು ಕೂತೆ. ಆದರೆ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಕಪ್ಪೆ ಕೈಯಲ್ಲಿ ಹಿಡಿದು ಆಕಾಶ ನೋಡಿ, "ಅಳಿಯಂದ್ರು ಇದ್ದಿದ್ರೆ ಇದನ್ನ—" ಅಂತ ಶುರು ಮಾಡಿ ನಿಲ್ಲಿಸಿಬಿಡುತ್ತಿದ್ದ. ನೀವು ಹೊಳಲ್ಕೆರೆಯಲ್ಲಿದ್ದರೂ ನನಗೆ ಹೊಟ್ಟೆ ಉರಿಯುವುದು ತಪ್ಪಲಿಲ್ಲ.

ಇನ್ನೊಂದು ಇದೆ. ಮೇಲಿನದನ್ನೆಲ್ಲ ಹೇಳಿದ್ದು ಇದನ್ನು ಹೇಳಲಿಕ್ಕೆ ಧೈರ್ಯ ಸಾಲದೆ.

ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳಲ್ಲೊಂದು. ನೀವು ಹೊರಗೆ ಬೆಂಚಿನ ಮೇಲೆ, ಟೀ ಫ್ಲಾಸ್ಕ್ ತೊಡೆ ಮೇಲಿಟ್ಟುಕೊಂಡು, ಕರೆದರೆ ಒಳಗೆ ಹೋಗೋಣ ಅಂತ ಕೂತಿದ್ದಿರಿ. ಒಳಗೆ ನಾನು ಅಪ್ಪನ ಕೈ ಹಿಡಿದಿದ್ದೆ. ಅವನು ಕಣ್ಣು ಬಿಟ್ಟು ಅಂದ, "ಅಳಿಯಂದ್ರನ್ನ ಕರಿಯಲೇ. ಮೀನಿಂದು ಬಿಡು, ನಾನೇ ಅತಿ ಮಾಡ್ದೆ. ಮಾತಾಡಬೇಕು." ಕೈ ಹಿಡಿದವನು ನಾನು, ಕೇಳಿದ್ದು ನಿಮ್ಮನ್ನು. ನೀವಿಬ್ಬರೂ ಮಾತಾಡಿದರೆ ಆ ಭಾನುವಾರದ ನಿಜ ಹೊರಬೀಳುತ್ತದೆ ಅನ್ನುವ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ — ಆಗಲೂ, ಸಾಯುವವನ ಮಂಚದ ಪಕ್ಕದಲ್ಲೂ — ಅದೇ ಕಿಚ್ಚು.

"ಅವರು ಬಂದಿಲ್ಲಪ್ಪ" ಅಂದೆ.

"ಬರ್ತಾರೆ ಬಿಡು" ಅಂದ. ಬಾಗಿಲ ಕಡೆಗೇ ನೋಡುತ್ತಾ ಮಲಗಿದ. ಮಾರನೇ ದಿನ ಹೋದ.

ನೀವು ಮಾಡದ ತಪ್ಪನ್ನು ಅಪ್ಪ ಕ್ಷಮಿಸಿದ್ದ, ಭಾವ. ಆ ಕ್ಷಮೆಯೂ ನಿಮಗೆ ತಲುಪದಂತೆ ನೋಡಿಕೊಂಡೆ. ಈ ಭಾನುವಾರ ಮನೆಗೆ ಬರುತ್ತೇನೆ. ಅಕ್ಕನನ್ನೂ ಕೂರಿಸಿಕೊಂಡು, ಇದರಲ್ಲಿ ಒಂದು ಅಕ್ಷರವೂ ಬಿಡದೆ ಬಾಯಿಬಿಟ್ಟು ಹೇಳುತ್ತೇನೆ. ನನ್ನನ್ನು ಮನ್ನಿಸಿ ಅಂತ ಕೇಳುವುದಿಲ್ಲ. ಕೊನೆಗೆ ಅಪ್ಪ ಕರೆದದ್ದು ನಿಮ್ಮನ್ನು. ಆ ಮಾತು ನಿಮ್ಮದು, ನಿಮಗೆ ಒಪ್ಪಿಸಲು ಬರುತ್ತೇನೆ. ಆಮೇಲೆ ಕುಂತ್ಕ ಅಂದರೂ ಸರಿ, ನಡಿ ಆಚೆಗೆ ಅಂದರೂ ಸರಿ.